ಮಸಣಬೆಟ್ಟದ ಮೇಲೆ ರಾಗಿ ಪೈರು

ಗಂಡಸಾದವನಿಗೆ ತನ್ನ ಮನೆಯಲ್ಲಿ ಒಂದು ಬೆಟ್ಟ ಇಟ್ಟುಕೊಳ್ಳುವ ಹಕ್ಕಿದೆಯೋ ಇಲ್ಲವೋ? ನೀವೇ ಹೇಳಿ. ಭಾರಿ ಬೆಟ್ಟವೇನಲ್ಲ. ಎತ್ತರದಲ್ಲಿ ನಮ್ಮ ಮನೆಯ ಮಿಕ್ಸಿಗಿಂತ ಸ್ವಲ್ಪ ಜಾಸ್ತಿ, ಅಗಲದಲ್ಲಿ ಮಾತ್ರ ಊಟದ ಮೇಜಿನಷ್ಟೇ ಇತ್ತು. ಅದಕ್ಕೆ ನಾನು 'ಮಸಣಬೆಟ್ಟ' ಎಂದು ಹೆಸರಿಟ್ಟಿದ್ದೆ. ನನ್ನ ಹೆಂಡತಿ ಬಿಂದುಶ್ರೀ ಇಟ್ಟ ಹೆಸರು 'ಆ ಕಸ'.

"ರೀ, ಆ ಕಸ ಎತ್ತಿ. ತಟ್ಟೆ ಇಡಬೇಕು."

"ಕಸ ಅಲ್ಲ ಕಣೇ, ಬೆಟ್ಟ."

"ಬೆಟ್ಟ ಆದ್ರೆ ಬೆಟ್ಟದ ಥರ ಊರಾಚೆ ಇರ್ಲಿ. ಯಾರ ಮನೇಲ್ರೀ ಬೆಟ್ಟ ಡೈನಿಂಗ್ ಟೇಬಲ್ ಮೇಲಿರತ್ತೆ?"

ಎರಡು ವಾರದಿಂದ ನಾವು ಸೋಫಾದ ಮೇಲೆ ಕೂತು, ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಊಟ ಮಾಡುತ್ತಿದ್ದೆವು. ಸಾರು ಎರಡು ಸಲ ನನ್ನ ಪಂಚೆಯ ಮೇಲೆ ಬಿದ್ದಿತ್ತು. (ಒಮ್ಮೆ ಆಕಸ್ಮಿಕವಾಗಿ.)

ಇಷ್ಟು ಹೇಳಿದ ಮೇಲೆ ಆಟದ ವಿಷಯ ಹೇಳದೆ ವಿಧಿಯಿಲ್ಲ. ಇದು ಚೌಕಾಬಾರ ಅಲ್ಲ, ಕೇರಂ ಅಲ್ಲ, ಮೊಬೈಲಿನಲ್ಲಿ ಆಡುವುದಂತೂ ಅಲ್ಲವೇ ಅಲ್ಲ. ಮೇಜಿನ ಸುತ್ತ ಕೂತು ಬಾಯಲ್ಲಿ ಆಡುವ ಆಟ. ಒಬ್ಬ ಸೂತ್ರಧಾರ ಕಥೆ ಹೇಳುತ್ತಾನೆ: ನೀವು ಗುಹೆಯ ಮುಂದೆ ನಿಂತಿದ್ದೀರಿ, ಒಳಗಿನಿಂದ ಗೊರಕೆ ಕೇಳಿಸುತ್ತಿದೆ, ಏನು ಮಾಡುತ್ತೀರಿ? ಉಳಿದವರು ಒಬ್ಬೊಬ್ಬರೂ ಒಂದೊಂದು ಪಾತ್ರ. ಒಬ್ಬ ನುಗ್ಗುತ್ತೇನೆ ಎನ್ನುತ್ತಾನೆ, ಇನ್ನೊಬ್ಬ ನಾನು ಮನೆಗೆ ಹೋಗುತ್ತೇನೆ ಎನ್ನುತ್ತಾನೆ. ಆಗುತ್ತೋ ಇಲ್ಲವೋ ಎಂಬ ಅನುಮಾನ ಬಂದರೆ ಇಪ್ಪತ್ತು ಮುಖದ ದಾಳ ಉರುಳಿಸುವುದು. ಹೆಚ್ಚು ಬಿದ್ದರೆ ಗೆದ್ದ, ಒಂದು ಬಿದ್ದರೆ ಕೆಟ್ಟ. ಯುದ್ಧ ಬಂದಾಗ ಮೇಜಿನ ಮೇಲೆ ಬೆಟ್ಟ, ಕಾಡು, ಕೋಟೆಗಳನ್ನಿಟ್ಟು ಬೆರಳುದ್ದದ ಬೊಂಬೆಗಳನ್ನು ನಡೆಸುವುದು. ಜಗಳ ಬಂದಾಗ ನಿಯಮದ ಪುಸ್ತಕ ತೆಗೆಯುವುದು. ಸೂತ್ರಧಾರ ಯಾರು ಎಂದು ನಾನು ಬಾಯಿಬಿಟ್ಟು ಹೇಳಬೇಕಾಗಿಲ್ಲ ತಾನೇ? ಆಫೀಸಿನಲ್ಲಿ ಮ್ಯಾನೇಜರ್ ಹೇಳಿದ್ದಕ್ಕೆ ತಲೆಯಾಡಿಸುತ್ತೇನೆ, ಮನೆಯಲ್ಲಿ ಬಿಂದು ಹೇಳುವ ಮೊದಲೇ ತಲೆಯಾಡಿಸುತ್ತೇನೆ. ಆಟಕ್ಕೆ ಕೂತಾಗ ಮಾತ್ರ ಸೃಷ್ಟಿ, ಸ್ಥಿತಿ, ಲಯ ಮೂರೂ ಇಲಾಖೆ ನನ್ನದೇ.

ಇದು ಶುರುವಾದದ್ದು ಹದಿನೈದು ವರ್ಷದ ಹಿಂದೆ, ಇದೇ ಸಿಂಗಸಂದ್ರದಲ್ಲಿ, ಚಿಕ್ಕಬೈರಪ್ಪನವರ ಕಟ್ಟಡದ ಮೇಲ್ಮಹಡಿಯ ರೂಮಿನಲ್ಲಿ. ನಾನೂ ಗುಳೇದಗುಡ್ಡದ ಇರಣ್ಣನೂ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಬ್ರಹ್ಮಚಾರಿಗಳು. ರೂಮಿನಲ್ಲಿ ಇದ್ದದ್ದು ಎರಡು ಚಾಪೆ, ಒಂದು ಬಕೆಟ್ಟು, ಜೆರಾಕ್ಸ್ ಮಾಡಿಸಿದ ನಿಯಮದ ಪುಸ್ತಕ. ಬೊಂಬೆಗಳೆಲ್ಲಿಂದ ಬರಬೇಕು? ಹುಣಸೆ ಬೀಜವೇ ಸೈನ್ಯ, ಸೋಡಾ ಬಾಟಲಿಯ ಮುಚ್ಚಳವೇ ರಾಕ್ಷಸ, ಇರಣ್ಣನ ತಲೆದಿಂಬೇ ಬೆಟ್ಟ. ಮಲಗುವ ಹೊತ್ತಿಗೆ ಅವನು ಬೆಟ್ಟದ ಮೇಲೆ ತಲೆಯಿಟ್ಟು ಮಲಗುತ್ತಿದ್ದ. ಕೊಡಲಿ ಎತ್ತಿದ ಕೈಯಲ್ಲೇ ಬಾಗಿಲ ಚಿಲಕ ತೆಗೆಯಬಹುದೇ ಎಂಬ ಒಂದು ಪ್ರಶ್ನೆ ಹಿಡಿದು ವಾದ ಮಾಡಿ ಮಾಡಿ, ಕೆಳಗಿನ ಮೆಸ್ಸು ಮುಚ್ಚಿಹೋಗಿ, ಬರೀ ಬಾಳೆಹಣ್ಣು ತಿಂದು ಮಲಗಿದ್ದೂ ಉಂಟು. ಆ ಬಾಳೆಹಣ್ಣಿನ ರುಚಿ ಈಗಿನ ಯಾವ ಬಫೆ ಊಟಕ್ಕೂ ಇಲ್ಲ.

ನಮ್ಮ ಗಲಾಟೆ ನಿಲ್ಲಿಸಲು ಓನರ್ ಚಿಕ್ಕಬೈರಪ್ಪನವರು ತಮ್ಮ ಮಗ ಚಿರಂಜೀವಿಯನ್ನು ಮೇಲೆ ಕಳಿಸಿದರು. ಬಾಗಿಲಲ್ಲಿ ನಿಂತು "ಏನ್ರೋ ಇದು ಗಲಾಟೆ?" ಎಂದವನು, "ಅದೇನು, ನಂಗೂ ಏಳಿ" ಎಂದು ಒಳಗೆ ಬಂದ. ಅವತ್ತಿನಿಂದ ಗಲಾಟೆ ಇನ್ನೂ ಜಾಸ್ತಿಯಾಯಿತು. ಅವನು ಮಾಯಗಾರನ ಪಾತ್ರ ತೆಗೆದುಕೊಂಡ. ಮೊದಲ ಆಟದಲ್ಲೇ ಒಬ್ಬ ಕುಳ್ಳ ಖಳನಿಗೆ ಪ್ರೀತಿಯಿಂದ ತನ್ನ ಅಪ್ಪನ ಹೆಸರನ್ನೇ ಇಟ್ಟ. ಯುದ್ಧ ರಂಗೇರಿ, ಇರಣ್ಣ ಗಂಟಲು ಹರಿಯುವಂತೆ "ಚಿಕ್ಕಬೈರನ ತೆಲಿ ಹಾರಸ್ರಲೇ!" ಎಂದು ಕೂಗುವುದಕ್ಕೂ, ಚಿಕ್ಕಬೈರಪ್ಪನವರು ಬಾಡಿಗೆ ಕೇಳಲು ಮೆಟ್ಟಿಲು ಹತ್ತಿ ಬರುವುದಕ್ಕೂ ಸರಿಹೋಯಿತು. ಆಮೇಲೆ ವಾರವಿಡೀ ನಮ್ಮ ಮಹಡಿಗೆ ನೀರು ಬರಲಿಲ್ಲ.

ಆ ದಿನಗಳಲ್ಲೇ ನಮ್ಮ ವೀರರು ರೆಕ್ಕೆ ಬಡಿದು ಬೆಂಕಿಯುಗುಳುವ ಒಂದು ಘಟಸರ್ಪದ ಬೆನ್ನು ಹತ್ತಿದ್ದರು. ಅದು ಊರೂರು ಸುಟ್ಟು ಮಸಣಬೆಟ್ಟದ ಗುಹೆಯಲ್ಲಿ ಚಿನ್ನದ ರಾಶಿಯ ಮೇಲೆ ಮಲಗಿತ್ತು. ಬೆಟ್ಟದ ಬುಡಕ್ಕೆ ನಾವು ಬಂದು ತಲುಪುವ ಹೊತ್ತಿಗೆ ನನ್ನ ಮದುವೆ ಬಂತು. ಆಮೇಲೆ ಇರಣ್ಣನ ಮದುವೆ. ಅವನು ಪೀಣ್ಯದ ಫ್ಯಾಕ್ಟರಿ ಸೇರಿ ಊರಿನ ಆ ತುದಿಗೆ ಹೋದ. ಸಿಂಗಸಂದ್ರದಿಂದ ಪೀಣ್ಯಕ್ಕೆ ಹೋಗಿ ಬರುವುದೆಂದರೆ ನಮ್ಮ ಟ್ರಾಫಿಕ್ಕಿನಲ್ಲಿ ಒಂದು ಸಣ್ಣ ತೀರ್ಥಯಾತ್ರೆ. ವಾರದ ಆಟ ತಿಂಗಳದ್ದಾಯಿತು, ತಿಂಗಳದ್ದು ಹಬ್ಬದ್ದಾಯಿತು, ಕೊನೆಗೆ "ಮುಂದಿನ ಸಲ ಖಂಡಿತ" ಎಂಬುದಷ್ಟೇ ಉಳಿಯಿತು. ಘಟಸರ್ಪ ಪಾಪ ಇಷ್ಟು ವರ್ಷ ಕಾದುಕೊಂಡೇ ಮಲಗಿತ್ತು.

ಮೊನ್ನೆ ಭಾದ್ರಪದದಲ್ಲಿ ಇರಣ್ಣನ ಫೋನು ಬಂತು. ಧಾರವಾಡದ ಪ್ಲಾಂಟಿಗೆ ವರ್ಗವಾಗಿದೆ, ಹೆಂಡತಿ ಮಕ್ಕಳು ಆಗಲೇ ಹೋಗಿಯಾಯಿತು, ತಾನೂ ದಸರಾ ನಡುವೆ ಹೊರಡುತ್ತೇನೆ ಎಂದ.

"ದಶಮಿ ತನಕ ಇರೋ" ಎಂದು ಗೋಗರೆದೆ.

"ಆಗಂಗಿಲ್ಲ ದೋಸ್ತ. ಸೋಮವಾರದ ಟ್ರೇನ್ ಟಿಕೆಟ್ ಆಗೇತಿ. ಭಾನುವಾರ ನಿಮ್ಮನಿಗೆ ಬರ್ತೇನಿ. ಆ ಹಾವಿಂದು ಏನಿದ್ರೂ ಅವತ್ತ ಮುಗಿಸಿಬಿಡೂನು."

ಫೋನಿಟ್ಟ ಮೇಲೆ ಸ್ವಲ್ಪ ಹೊತ್ತು ಬಾಲ್ಕನಿಯಲ್ಲಿ ನಿಂತಿದ್ದೆ. ಬೆಂಗಳೂರಿನಲ್ಲಿದ್ದೂ ವರ್ಷಕ್ಕೊಮ್ಮೆ ಸಿಗದವನು ಧಾರವಾಡಕ್ಕೆ ಹೋದ ಮೇಲೆ ಸಿಗುತ್ತಾನೆಯೇ? ಕಥೆ ಈ ಭಾನುವಾರ ಮುಗಿಯದಿದ್ದರೆ ಇನ್ನು ಮುಗಿಯುವುದಿಲ್ಲ. ಮುಗಿಸುವುದಾದರೆ ಭರ್ಜರಿಯಾಗಿ ಮುಗಿಸಬೇಕು, ತಲೆದಿಂಬು ಹುಣಸೆ ಬೀಜದಲ್ಲಲ್ಲ ಎಂದು ಅಲ್ಲೇ ಶಪಥ ಮಾಡಿದೆ.

ಅದೇ ವಾರ ಹೊಸ ಫ್ರಿಜ್ಜು ಬಂದದ್ದು ದೈವಸಂಕಲ್ಪ. ಫ್ರಿಜ್ಜು ಬಿಂದುವಿಗೆ, ಅದರ ಥರ್ಮಾಕೋಲು ನನಗೆ. ಚಾಕು ಕಾಯಿಸಿ ಕೊರೆದು ಬಂಡೆ ಮಾಡಿದೆ. ಕಾಫಿ ಫಿಲ್ಟರಿನ ಚರಟವನ್ನು ಬಿಸಿಲಿಗೆ ಒಣಗಿಸಿ, ಅಂಟಿನಲ್ಲಿ ಕಲಸಿ ಮೆತ್ತಿ ಮಣ್ಣು ಮಾಡಿದೆ. ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರನ್ನು ಹರಿದು ಕಪ್ಪು ಬಣ್ಣ ಬಳಿದರೆ ಶಾಪಗ್ರಸ್ತ ವೃಕ್ಷಗಳು ತಯಾರು. ಇರಣ್ಣನ ಕೊಡಲಿವೀರನನ್ನೂ ಚಿರಂಜೀವಿಯ ಮಾಯಗಾರನನ್ನೂ ಜೇಡಿಮಣ್ಣಿನಲ್ಲಿ ತಿದ್ದಿದೆ. ಘಟಸರ್ಪದ ಮೈಯೂ ಜೇಡಿಮಣ್ಣು, ರೆಕ್ಕೆ ಹಳೆಯ ಕೊಡೆಯ ಬಟ್ಟೆ. (ಹಳೆಯದು ಎಂದು ನಾನು ಭಾವಿಸಿದ್ದೆ. ಮಳೆ ಬಂದ ದಿನ ಬಿಂದು ಬೇರೆ ರೀತಿ ಭಾವಿಸಿದಳು.)

"ನಾಳಿದ್ದು ಅಮ್ಮ ಬರ್ತಾರೆ, ಗೊಂಬೆ ಕೂರಿಸಬೇಕು" ಎಂದಳು ಅವಳು, ಮಹಾಲಯ ಅಮಾವಾಸ್ಯೆಗೆ ಮುಂಚೆ. "ಅಷ್ಟರಲ್ಲಿ ಆ ಕಸ ಮನೇಲಿರಬಾರದು. ನಾಳೆ ಒಣಕಸದ ಗಾಡಿ ಬರತ್ತೆ. ನೀವು ಹಾಕ್ತೀರೋ, ನಾನು ಹಾಕ್ಲೋ?"

ಆಗಲೇ ನನಗೆ ಆ ದಿವ್ಯ ಯೋಚನೆ ಹೊಳೆದದ್ದು. ನನ್ನ ಅತ್ತೆ ನಾಗಲಕ್ಷ್ಮಮ್ಮನವರು ನಂಜನಗೂಡಿನವರು. ದಸರಾ ಗೊಂಬೆಯ ವಿಷಯದಲ್ಲಿ ಅವರದು ಸುಪ್ರೀಂ ಕೋರ್ಟು. ಪ್ರತಿವರ್ಷ ಗೊಂಬೆಗಳ ಸಾಲಿಗೆ ಹೊಸದೊಂದು ಸೇರಲೇಬೇಕು ಎನ್ನುವುದು ಅವರ ಮನೆಯ ಪದ್ಧತಿ. ಅವರು ಬಂದು ಚಪ್ಪಲಿ ಬಿಡುವ ಮೊದಲೇ ಕೈಮುಗಿದು ನಿಂತೆ.

"ಅತ್ತೆ, ಈ ವರ್ಷದ ಹೊಸ ಗೊಂಬೆ, ಬೆಟ್ಟ! ನಾನೇ ಕೈಯಾರೆ ಮಾಡಿದ್ದು."

ಅತ್ತೆ ಬೆಟ್ಟದ ಸುತ್ತ ಒಂದು ಪ್ರದಕ್ಷಿಣೆ ಬಂದರು. ಅವರ ಕಣ್ಣು ತುಂಬಿತು. "ನೋಡೇ ಬಿಂದೂ! ನಿಮ್ಮಪ್ಪ ಇಷ್ಟು ವರ್ಷದಲ್ಲಿ ಗೊಂಬೆಗೆ ಒಂದು ಮೊಳೆ ಹೊಡೆದುಕೊಡಲಿಲ್ಲ. ಅಳಿಯಂದಿರು ಚಾಮುಂಡಿ ಬೆಟ್ಟಾನೇ ಮಾಡಿಟ್ಟಿದ್ದಾರೆ! ಇದೇನು ಮೇಲೆ ಹಲ್ಲಿ?"

"ಘಟಸರ್ಪ, ಅತ್ತೆ."

"ಇರಲಿ, ಇರಲಿ. ಅದೂ ಒಂದು ಜೀವ."

ಬಿಂದು ನನ್ನನ್ನು ನೋಡಿದ ನೋಟದಲ್ಲಿ ಘಟಸರ್ಪದ ಬಾಯಿಗಿಂತ ಹೆಚ್ಚು ಬೆಂಕಿ ಇತ್ತು. ನಾನು ಹೆದರಲಿಲ್ಲ. ಒಮ್ಮೆ ಆರತಿಯಾದ ವಸ್ತುವನ್ನು ಒಣಕಸಕ್ಕೆ ಹಾಕುವ ಧೈರ್ಯ ಯಾವ ಹೆಂಗಸಿಗಿದೆ? ಭಾನುವಾರ ಮಧ್ಯಾಹ್ನ ಬೆಟ್ಟವನ್ನು ಎರಡು ಗಂಟೆ ಕಾಲ ಎರವಲು ಪಡೆದು, ಸರ್ಪಸಂಹಾರ ಮುಗಿಸಿ, ವಾಪಸ್ಸು ಇಟ್ಟರಾಯಿತು. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಮಾರನೆಯ ದಿನ ಆಫೀಸಿನಿಂದ ಬಂದು ನೋಡಿದರೆ ಅತ್ತೆ ಮಸಣಬೆಟ್ಟಕ್ಕೆ ನೀರು ಚಿಮುಕಿಸುತ್ತಿದ್ದರು.

"ಅತ್ತೆ! ಏನು ಮಾಡ್ತಿದ್ದೀರಿ?"

"ಬೋಳುಬೋಳಾಗಿತ್ತಲ್ಲ, ರಾಗಿ ಚೆಲ್ಲಿದ್ದೀನಿ. ಕಾಫಿ ಗಸಿ ಒಳ್ಳೆ ಗೊಬ್ಬರ."

ಹುಲ್ಲುಕಡ್ಡಿಯೂ ಬೆಳೆಯಬಾರದೆಂದು ಋಷಿಯೊಬ್ಬ ಶಾಪ ಕೊಟ್ಟ ಬೆಟ್ಟ ಅದು! (ಋಷಿ ನಾನೇ.) ಭಾನುವಾರದ ಹೊತ್ತಿಗೆ ಬೆಟ್ಟದ ತುಂಬ ಎಳೇ ಹಸಿರು ಪೈರು ತಲೆದೂಗುತ್ತಿತ್ತು. ಮರಣಕಣಿವೆಯಲ್ಲಿ ಚನ್ನಪಟ್ಟಣದ ಮರದ ರೈಲು ನಿಂತಿತ್ತು. ಪ್ರೇತಗಳು ಕಾಯುವ ಸೇತುವೆಯ ಮೇಲೆ ಜಂಬೂಸವಾರಿಯ ಆನೆಗಳು. ಇರಣ್ಣನ ಕೊಡಲಿವೀರ, ಚಿರಂಜೀವಿಯ ಮಾಯಗಾರ ಇಬ್ಬರ ಹಣೆಗೂ ಕುಂಕುಮ. ನೆತ್ತಿಯಲ್ಲಿ ಪಟ್ಟದ ಗೊಂಬೆಗಳಾದ ರಾಜ ರಾಣಿ, ಬುಡದಲ್ಲಿ ಅಕ್ಕಿ ಬೇಳೆಗಳ ಗುಡ್ಡೆ ಹರಡಿಕೊಂಡು ಡೊಳ್ಳುಹೊಟ್ಟೆಯ ಶೆಟ್ಟರ ಗೊಂಬೆ. ಘಟಸರ್ಪದ ಕೊರಳಲ್ಲಿ ಸೇವಂತಿಗೆ ಮಾಲೆ.

ಇರಣ್ಣ, ಚಿರಂಜೀವಿ ಇಬ್ಬರೂ ಮೂರು ಗಂಟೆಗೆ ಸರಿಯಾಗಿ ಬಂದರು. ಇರಣ್ಣನ ಮೀಸೆಯಲ್ಲಿ ಬಿಳಿ ಕಂಡಿತು. ಚಿರಂಜೀವಿ ಈಗ ನಾಲ್ಕು ಕಟ್ಟಡದ ಓನರು, ಅವನಿಗೂ ಅಪ್ಪನಷ್ಟೇ ಹೊಟ್ಟೆ ಬಂದಿದೆ. ಬೆಟ್ಟ ನೋಡಿ ಇಬ್ಬರೂ ಬಾಯಿ ಬಿಟ್ಟರು.

"ಯಪ್ಪಾ! ಇದ ಏನಲೇ ನಮ್ಮ ಮಸಣಬೆಟ್ಟ? ಇಲ್ಲಿ ಬೆಳಿ ಬಂದೇತಲ್ಲೋ!"

"ನೆಲದ ಮೇಲೆ ಇಳಿಸಿಕೊಂಡು ಸರಿಮಾಡೋಣ, ಹಿಡೀರಿ" ಎಂದು ನಾನು ಬೆಟ್ಟದ ಅಡಿಗೆ ಕೈ ಹಾಕಿದೆ.

"ಅಯ್ಯಯ್ಯೋ! ಕೈ ತೆಗೀರಿ!"

ಅಡುಗೆಮನೆಯಿಂದ ಅತ್ತೆ ಸೌಟು ಹಿಡಿದುಕೊಂಡೇ ಓಡಿ ಬಂದರು. "ಕೂರಿಸಿದ ಗೊಂಬೇನ ದಶಮಿವರೆಗೂ ಅಲ್ಲಾಡಿಸಬಾರದು ಅಳಿಯಂದಿರೇ! ಅಷ್ಟೂ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ಎಷ್ಟೋ ದಸರಾಗಳಲ್ಲಿ ಆ ಗೊಂಬೆಗಳ ಮುಂದೆ ಕೂತು ಕೋಸಂಬರಿ ತಿಂದಿದ್ದೆನೇ ಹೊರತು ಕಾನೂನು ವಿಚಾರಿಸಿರಲಿಲ್ಲ. ಆದರೂ ನಿಯಮದ ಪುಸ್ತಕ ಅರೆದು ಕುಡಿದವನು ನಾನು. ಸಂದು ಹುಡುಕತೊಡಗಿದೆ.

"ಗೊಂಬೆ ಮುಟ್ಟದೆ ಬೆಟ್ಟ ಮಾತ್ರ ಎತ್ತಿದರೆ?"

"ಕೂಡದು."

"ಇದ್ದಲ್ಲೇ ಇರಲಿ, ಆ ಸರ್ಪ ಒಂದನ್ನೇ ಒಂದು ಗೇಣು ಮುಂದಕ್ಕೆ?"

"ಅದಕ್ಕೂ ಆರತಿ ಆಗಿದೆ."

"ಈ ಇಬ್ಬರು ವೀರರಿಗೆ ಪ್ರತ್ಯೇಕ ಆರತಿ ಆಗಿಲ್ಲವಲ್ಲ?"

"ಒಟ್ಟಿಗೆ ಎತ್ತಿದ್ದೀನಿ, ಎಲ್ಲರಿಗೂ ಸೇರತ್ತೆ."

ಸೋಫಾದ ಮೂಲೆಯಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದ ಬಿಂದುವಿನ ಮುಖದಲ್ಲಿ ಪರಮಶಾಂತಿ ನೆಲೆಸಿತ್ತು.

"ಓಗ್ಲಿ ಬಿಡು ಗುರು" ಎಂದ ಚಿರಂಜೀವಿ. "ಮೊದ್ಲಿನಂಗೆ ಉಣ್ಸೆ ಬೀಜ ಇಟ್ಕೊಂಡು ಆಡಾಣ. ಎಂಗಿದ್ರೂ ಕಥೆ ತಾನೇ?"

ಅಲ್ಲಿಗೆ ನಾನು ಸುಮ್ಮನೆ ಹೂಂ ಅಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. "ಹುಣಸೆ ಬೀಜವೇ? ಎರಡು ವಾರ ಬೆರಳು ಸುಟ್ಟುಕೊಂಡದ್ದು ಹುಣಸೆ ಬೀಜದಲ್ಲಿ ಮುಗಿಸುವುದಕ್ಕೋ? ಬೆಟ್ಟ ಇಲ್ಲದೆ ಯುದ್ಧವಿಲ್ಲ!" ಎಂದು ಬಿಗಿದುಕೊಂಡು ಕುರ್ಚಿಗೆ ಒರಗಿದೆ. ಇರಣ್ಣ ಗಡಿಯಾರ ನೋಡಿದ.

ಅಷ್ಟರಲ್ಲಿ ಬಾಗಿಲಲ್ಲಿ "ಗೊಂಬೆ ಕೂರಿಸಿದ್ದೀರಾ?" ಎಂದು ಅಪಾರ್ಟ್‌ಮೆಂಟಿನ ಮಕ್ಕಳ ದಂಡು ನುಗ್ಗಿತು. ಅತ್ತೆಯವರದು ಇನ್ನೊಂದು ಪದ್ಧತಿ: ಬಂದ ಮಕ್ಕಳಿಗೆ ಗೊಂಬೆಯ ಕಥೆ ಹೇಳಿಯೇ ತಿಂಡಿ ಕೊಡುವುದು. ಒಂದು ಹುಡುಗಿ ಘಟಸರ್ಪಕ್ಕೆ ಬೆರಳು ತೋರಿಸಿ "ಅಜ್ಜಿ, ಇದ್ಯಾಕೆ ಇಲ್ಲಿ ಬಂದು ಮಲಗಿದೆ?" ಎಂದಳು.

ಅತ್ತೆ ಒಂದು ಕ್ಷಣವೂ ತಡವರಿಸಲಿಲ್ಲ. "ಅದು ಹುಟ್ಟಿದಾಗ ಸರ್ಪ ಅಲ್ಲ ಮಗು. ನಮ್ಮ ಕಡೆಯ ಒಬ್ಬ ಸಾಹುಕಾರ. ಮಹಾ ಜಿಪುಣ. ಮಗಳು ತವರಿಗೆ ಬಂದರೆ ಕುಪ್ಪಸದ ಕಣ ಕೊಡೋಕೂ ಕೈ ಬರ್ತಿರಲಿಲ್ಲ. ಮಗಳು ಅಳ್ತಾ ಹೋದಳು. ಇವನು ಚಿನ್ನದ ಮೇಲೆ ಮಲಗಿ ಮಲಗಿ ಮೈಯೆಲ್ಲ ಚಿಪ್ಪು ಬಂತು, ಉಸಿರು ಬೆಂಕಿಯಾಯ್ತು. ಈಗ ಯಾರು ಹತ್ತಿರ ಬಂದ್ರೂ ಕಳ್ಳರು ಅಂದ್ಕೊಂಡು ಸುಡ್ತಾನೆ. ಆದ್ರೆ ಮಗಳ ದನಿ ಕೇಳಿದ್ರೆ ಮಾತ್ರ..."

ಅಲ್ಲಿಗೆ ನಿಲ್ಲಿಸಿ ಮಕ್ಕಳಿಗೆ ಕಡಲೆಕಾಳಿನ ಗುಗ್ಗರಿ ಹಂಚಲು ಎದ್ದರು. ಮಕ್ಕಳು ಗುಗ್ಗರಿ ಮುಕ್ಕುತ್ತಾ ಓಡಿದವು. ಇರಣ್ಣ ಮಾತ್ರ ಕುರ್ಚಿಯ ತುದಿಗೆ ಬಂದಿದ್ದ.

"ಮಗಳ ದನಿ ಕೇಳಿದ್ರ ಏನಾಕ್ಕೇತ್ರಿ ಅಮ್ಮಾರ?"

"ನಂಗೇನು ಗೊತ್ತಪ್ಪ? ಹೋಗಿ ನೋಡಬೇಕು. ನಿನ್ನ ಗೊಂಬೆ ಯಾವುದು?"

"ಆ ಕೊಡ್ಲಿ ಹಿಡದಾಂವ."

"ಸರಿ. ಬೆಟ್ಟದ ಬುಡದಲ್ಲಿದ್ದೀಯ. ಬಂಡೆ ಜಾರತ್ತೆ. ಹೇಗೆ ಹತ್ತುತೀಯ?"

"ಅತ್ತೆ" ಎಂದು ನಾನು ಮಧ್ಯೆ ಬಾಯಿ ಹಾಕಿದೆ, "ಗೊಂಬೆ ಅಲ್ಲಾಡಿಸಬಾರದು ಅಂದಿರಲ್ಲ?"

"ಗೊಂಬೆ ಕೂತಲ್ಲೇ ಕೂತಿರತ್ತೆ. ನಡೆಯೋದು ಕಥೆ ತಾನೇ? ಅದ್ಯಾವುದೋ ದಾಳ ಇದೆಯಂತಲ್ಲ, ಕೊಡಿ ಇಲ್ಲಿ."

ನನ್ನ ಜೇಬಿನಲ್ಲಿದ್ದ ದಾಳವನ್ನು ಕೊಟ್ಟೆ. ಅಲ್ಲಿಂದ ಮುಂದೆ ನಡೆದದ್ದನ್ನು ಹೇಗೆ ಹೇಳಲಿ? ನನ್ನ ಆಟದಲ್ಲಿ ಒಂದು ಬಿದ್ದರೆ ಸಾವು. ಅತ್ತೆಯ ಆಟದಲ್ಲಿ ಒಂದು ಬಿದ್ದರೆ ಹಾಡು. ಗೊಂಬೆ ನೋಡಲು ಬಂದವರು ಹಾಡಲೇಬೇಕಲ್ಲ! ಇರಣ್ಣ ಜಾರಿ ಬಿದ್ದ. ಎದ್ದು ನಿಂತು, ಕೈ ಕಟ್ಟಿಕೊಂಡು, ಅವರ ಊರಿನ ಭಜನೆಯ ಪದ ಒಂದನ್ನು ಎತ್ತರದ ದನಿಯಲ್ಲಿ ಹಾಡಿದ. ಇಷ್ಟು ವರ್ಷದ ಸ್ನೇಹದಲ್ಲಿ ಅವನು ಹಾಡುತ್ತಾನೆಂದೇ ನನಗೆ ಗೊತ್ತಿರಲಿಲ್ಲ.

ಚಿರಂಜೀವಿಗೆ ಹಳೆಯ ಚಾಳಿ ಮರುಕಳಿಸಿತು. "ಅಮ್ಮೋ, ಒಂದು ರೂಲ್ಸ್ ಡೌಟು. ನೀರಲ್ಲಿ ಮುಳುಗ್ದಾಗ ಮಂತ್ರ ಏಳ್ಬೋದಾ?"

ಇದು ನಿಯಮ ಪುಸ್ತಕದ ಏಳನೆಯ ಅಧ್ಯಾಯದಲ್ಲಿ ಮೂರು ಪುಟದ ಚರ್ಚೆ. ನಾನು ಗಂಟಲು ಸರಿಮಾಡಿಕೊಂಡೆ.

"ಬಾಯ್ತುಂಬ ನೀರಿದ್ರೆ ಗಂಡನ್ನ ಬೈಯೋಕೇ ಆಗಲ್ಲ, ಮಂತ್ರ ಎಲ್ಲಿಂದ ಬರಬೇಕಪ್ಪ?" ಎಂದರು ಅತ್ತೆ. ಚಿರಂಜೀವಿ ಒಪ್ಪಿಕೊಂಡ! ನನ್ನ ತೀರ್ಪನ್ನು ಒಂದು ದಿನವೂ ವಾದವಿಲ್ಲದೆ ಒಪ್ಪದಿದ್ದ ಪುಣ್ಯಾತ್ಮ ಅವನು.

ಆಮೇಲೆ ಸಿಡಿಲು ಬಡಿದದ್ದು ಸೋಫಾದ ಮೂಲೆಯಿಂದ. "ಅಮ್ಮ, ಆ ಮಗಳು ನಾನಾಗ್ತೀನಿ" ಎಂದಳು ಬಿಂದು, ಬತ್ತಿಯ ಬುಟ್ಟಿ ಪಕ್ಕಕ್ಕಿಟ್ಟು. "ಪಟ್ಟದ ರಾಣೀನೇ ಸಾಹುಕಾರನ ಮಗಳು."

ಹತ್ತು ವರ್ಷದಿಂದ ನನ್ನ ಆಟದ ಹೆಸರೇನೆಂದೂ ಕೇಳದವಳು!

"ಅತ್ತೆ, ನಾನು?" ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

ಅತ್ತೆ ಬೆಟ್ಟದ ಮೇಲಿನಿಂದ ಕೆಳಗಿನವರೆಗೆ ಕಣ್ಣಾಡಿಸಿದರು. "ನೀವು... ಶೆಟ್ಟರು."

ಸರಿ, ಪಾತ್ರ ಯಾವುದಾದರೇನು, ಕಲೆ ಮುಖ್ಯ. ವೀರರು ಹಗ್ಗ ಕೊಳ್ಳಲು ನನ್ನ ಅಂಗಡಿಗೆ ಬಂದರು. ನಾನು ಕಂಠ ಏರಿಸಿದೆ: "ಎಲೈ ಪಥಿಕರೇ! ಇದು ಸಾಮಾನ್ಯ ಹಗ್ಗವಲ್ಲ. ಗಂಧರ್ವಲೋಕದ ಹೊಂಬಣ್ಣದ ನಾರಿನಿಂದ ಅಮಾವಾಸ್ಯೆಯ..."

"ಇದೆಯೋ ಇಲ್ವೋ ಹೇಳಿ ಶೆಟ್ಟರೇ, ಗಿರಾಕಿ ಕಾಯ್ತಿದ್ದಾರೆ" ಎಂದರು ಅತ್ತೆ.

"ಇದೆ."

"ಕೊಟ್ಟಾಯ್ತು. ಮುಂದಕ್ಕೆ ನಡೀರಿ."

ಅವತ್ತು ನನ್ನ ಪಾಲಿಗೆ ಬಂದ ಸಂಭಾಷಣೆ ಅಷ್ಟೇ. ಹೊಟ್ಟೆಯುರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಇರಣ್ಣ ತೊಡೆ ತಟ್ಟಿ ನಗುತ್ತಿದ್ದ. ಚಿರಂಜೀವಿ ಕುರ್ಚಿ ಬಿಟ್ಟು ನೆಲದ ಮೇಲೆ ಮಂಡಿಯೂರಿದ್ದ. ಆ ಮೇಲ್ಮಹಡಿಯ ರೂಮಿನಲ್ಲಿ ಹೇಗೆ ಕೂಗಾಡುತ್ತಿದ್ದರೋ ಹಾಗೆಯೇ ಕೂಗಾಡುತ್ತಿದ್ದರು. ಇಬ್ಬರ ವಯಸ್ಸೂ ಇಳಿದುಹೋಗಿತ್ತು. ಅದನ್ನು ನೋಡುತ್ತಾ ನನಗೆ ಸುಖವೂ ಆಯಿತು, ಆ ಸುಖಕ್ಕೆ ಕಾರಣ ನಾನಲ್ಲವಲ್ಲ ಎಂದು ಸಂಕಟವೂ ಆಯಿತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ವೀರರು ಗುಹೆಯ ಬಾಗಿಲಿಗೆ ಬಂದಿದ್ದರು. ಅತ್ತೆ ಎದ್ದು ನಿಂತರು. "ಇವತ್ತಿಗೆ ಸಾಕು. ಮಿಕ್ಕಿದ್ದು ಗುರುವಾರ, ದಶಮಿ ದಿನ."

"ಅತ್ತೆ, ಇರಣ್ಣ ನಾಳೆ ಧಾರವಾಡಕ್ಕೆ ಹೊರಡ್ತಿದ್ದಾನೆ! ಟಿಕೆಟ್ ಆಗಿದೆ! ಒಂದು ದಿನಾನೂ ಇರೋ ಹಾಗಿಲ್ಲವಂತೆ!" ಎಂದೆ ನಾನು, ಸ್ವಲ್ಪ ಗೆಲುವಿನಿಂದಲೇ.

ಇರಣ್ಣ ತಲೆ ಕೆರೆದುಕೊಂಡ. "ಅದ... ರದ್ದು ಮಾಡಸ್ತೇನ್ರಿ ಅಮ್ಮಾರ. ಶುಕ್ರವಾರ ಹೋದ್ರ ಏನ್ ಪ್ಲಾಂಟು ಓಡಿ ಹೊಕ್ಕೇತೇನು?"

ಫೋನಿನಲ್ಲಿ ನಾನು ಗೋಗರೆದದ್ದು ನಿಮಗೆ ನೆನಪಿರಬಹುದು. ಅವನಿಗೆ ನೆನಪಿರಲಿಲ್ಲ.

ದಶಮಿಯ ಸಂಜೆ ನಮ್ಮ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ವಿಷಯ ಹೇಗೋ ಹರಡಿ, ಭಾನುವಾರದ ಮಕ್ಕಳು, ಅವರ ತಾಯಂದಿರು, ಪಕ್ಕದ ಬ್ಲಾಕಿನವರು ಎಲ್ಲ ಬಂದಿದ್ದರು. ಸೆಕ್ಯುರಿಟಿಯ ಮುರಿಗೆಪ್ಪನೂ ಗೇಟು ಬಿಟ್ಟು ಬಂದು ಬಾಗಿಲಿಗೆ ಒರಗಿ ನಿಂತಿದ್ದ. ಅತ್ತೆ ಕಥೆ ಎತ್ತಿಕೊಂಡರು. ರಾಣಿ ಗುಹೆಯೊಳಗೆ ಹೋದಳು. ಸರ್ಪ ತಲೆಯೆತ್ತಿತು. ಕೊಡಲಿವೀರ ಕೊಡಲಿ ಎತ್ತಿದ. "ಬೇಡ, ಇದು ನಮ್ಮಪ್ಪ" ಎಂದಳು ಬಿಂದು, ನಿಜವಾಗಿಯೂ ದನಿ ನಡುಗಿಸಿ. ಕೊಲ್ಲುವು‍ದೋ, ಕರೆಯುವುದೋ? ದಾಳ ಬಿಂದುವಿನ ಕೈಯಲ್ಲಿತ್ತು. ನಾನೂ ಎಲ್ಲ ಮರೆತು ಮುಂದಕ್ಕೆ ಬಾಗಿದೆ. ಇದು ನನ್ನ ಸರ್ಪ, ನನ್ನ ಗುಹೆ. ಹದಿನೈದು ವರ್ಷ ಕಾದ ಘಳಿಗೆ.

"ಒಂದ್ನಿಮಿಷ" ಎಂದರು ಅತ್ತೆ. "ಹೊತ್ತಾಯ್ತು. ಆರತಿಗೆ ಮುಂಚೆ ಶಾಸ್ತ್ರಕ್ಕೆ ಒಂದು ಗೊಂಬೆ ಮಲಗಿಸಬೇಕು."

ಹಬ್ಬ ಮುಗಿಯಿತು ಎಂಬುದರ ಗುರುತಾಗಿ ಪ್ರತಿವರ್ಷ ಪಟ್ಟದ ರಾಣಿಯನ್ನು ಮಲಗಿಸುವುದು ವಾಡಿಕೆ. ಆದರೆ ರಾಣಿ ಗುಹೆಯಲ್ಲಿದ್ದಳು.

"ರಾಜನ್ನ ಮಲಗಿಸೋಣವಾ?" ಎಂದಿತು ಒಂದು ಮಗು.

"ಹೆಂಡತಿ ಸರ್ಪದ ಬಾಯಲ್ಲಿರೋವಾಗ ಗಂಡ ಮಲಗ್ತಾನಾ? ಆನೆಗಳು ಬಾಗಿಲು ಕಾಯ್ತಿವೆ. ಇವರಿಬ್ಬರು ಯುದ್ಧದಲ್ಲಿದ್ದಾರೆ. ಕೆಲಸ ಇಲ್ದೆ ಸುಮ್ನೆ ಕೂತಿರೋರು ಯಾರಿದ್ದಾರೆ?"

ಇಡೀ ಸಭೆ ಬೆಟ್ಟದ ಬುಡದ ಕಡೆ ನೋಡಿತು. ಆಮೇಲೆ ನನ್ನನ್ನು ನೋಡಿತು.

"ಅತ್ತೆ, ಇದು ಅನ್ಯಾಯ! ಶೆಟ್ಟರಿಗೆ ವ್ಯಾಪಾರ ಇದೆ!"

"ಪಾಪ, ನಾಲ್ಕು ದಿನದಿಂದ ಕೂತು ಬೆನ್ನು ನೋವು ಬಂದಿರತ್ತೆ" ಎನ್ನುತ್ತಾ ಅತ್ತೆ ಶೆಟ್ಟರನ್ನು ಬೇಳೆಯ ಗುಡ್ಡೆಯ ಪಕ್ಕ ಮೆಲ್ಲಗೆ ಮಲಗಿಸಿ, ಮೇಲೊಂದು ಕರವಸ್ತ್ರ ಹೊದಿಸಿದರು. ಮಕ್ಕಳು ಜೋಗುಳ ಹಾಡಿದವು.

"ಆಯ್ತು, ಮಲಗಿಕೊಂಡೇ ಕೇಳ್ತೀನಿ, ಮುಂದೆ ಹೇಳಿ" ಎಂದೆ.

"ಛೆ ಛೆ! ಮಲಗಿದ ಗೊಂಬೆ ಮುಂದೆ ಕಥೆ ಹೇಳಬಾರದು. ಎದ್ದುಬಿಡತ್ತೆ. ಶಾಸ್ತ್ರ ಕೆಟ್ಟು ಹೋಗತ್ತೆ."

"ಇದು ಯಾವ ನಿಯಮ? ಎಲ್ಲಿ ಬರೆದಿದೆ?"

"ಅಮ್ಮ ಏಳಿದ್ ಮ್ಯಾಲೆ ಮುಗೀತು ಗುರು, ಎದ್ದು ಒಳಕ್ಕೆ ನಡಿ" ಎಂದ ಚಿರಂಜೀವಿ. ಇರಣ್ಣ ಆಗಲೇ ನನ್ನ ಕುರ್ಚಿಯ ಮೇಲೆ ಕಾಲು ಚಾಚಿದ್ದ.

"ಹೇಗೂ ಒಳಗೆ ಹೋಗ್ತಿದ್ದೀರಲ್ಲ ರೀ" ಎಂದಳು ಬಿಂದು, ಕಣ್ಣು ದಾಳದ ಮೇಲೇ ಇಟ್ಟು, "ಗುಗ್ಗರಿಗೆ ಒಗ್ಗರಣೆ ಹಾಕಿಬಿಡಿ. ಬಾಗಿಲು ಎಳ್ಕೊಳಿ."

ಅಡುಗೆಮನೆಯಲ್ಲಿ ಚಿಮ್ನಿ ಗೊರ್ರೆನ್ನುತ್ತಿತ್ತು. ಕುಕ್ಕರಿಗೂ ಅದೇ ಹೊತ್ತಿಗೆ ವಿಜಿಲ್ ಹೊಡೆಯಬೇಕೇ! ಬಾಗಿಲಿಗೆ ಕಿವಿಯಿಟ್ಟೆ. ದಾಳ ಉರುಳಿದ ಸದ್ದು. ಆಮೇಲೆ ಎಲ್ಲರೂ ಒಟ್ಟಿಗೆ "ಅಯ್ಯೋ!" ಆಮೇಲೆ ಅತ್ತೆಯ ಮೆಲುದನಿ, ಒಂದು ಅಕ್ಷರವೂ ತಿಳಿಯಲಿಲ್ಲ. ಸಾಸಿವೆ ಸೀದು ಹೋಯಿತು. ಇದ್ದಕ್ಕಿದ್ದ ಹಾಗೆ ಚಪ್ಪಾಳೆ, ಸಿಳ್ಳು, ಗಂಟೆ, ಆರತಿಯ ಹಾಡು. ಬಾಗಿಲು ತಳ್ಳಿಕೊಂಡು ಓಡಿ ಬಂದೆ. ಎಲ್ಲ ಮುಗಿದಿತ್ತು. ಬಿಂದು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಇರಣ್ಣ ಅತ್ತೆಯ ಕಾಲಿಗೆ ನಮಸ್ಕಾರ ಮಾಡುತ್ತಿದ್ದ. ಬೆಟ್ಟದ ಮೇಲೆ ಎಲ್ಲ ಗೊಂಬೆಗಳೂ ಇದ್ದಲ್ಲೇ ಇದ್ದವು, ನೋಡಿ ತಿಳಿದುಕೊಳ್ಳೋಣವೆಂದರೆ ಗುರುತೇ ಇಲ್ಲ.

"ಏನಾಯ್ತೋ? ಸತ್ತಿತಾ? ಮನುಷ್ಯ ಆದನಾ?" ಎಂದು ಗೇಟಿನವರೆಗೂ ಇರಣ್ಣನ ಬೆನ್ನು ಬಿದ್ದೆ.

ಅವನು ನನ್ನನ್ನು ಗಟ್ಟಿಯಾಗಿ ತಬ್ಬಿಕೊಂಡ. ಅವನ ಕಣ್ಣೂ ಒದ್ದೆಯಾಗಿತ್ತು, ನನ್ನದೂ. "ಭಾಳ ಚಲೋ ಮುಗೀತು ದೋಸ್ತ. ಇಂಥಾ ಮುಕ್ತಾಯ ನಾ ಎಲ್ಲೂ ಕಂಡಿಲ್ಲ."

"ಅದೇ, ಹೇಗೆ?"

"ಹೇಳಂಗಿಲ್ಲ. ಅಮ್ಮಾರು ಎಲ್ಲಾರ ಕಡೆ ಆಣಿ ಮಾಡಿಸ್ಯಾರ. ಬರೂ ದಸರಾಕ್ಕ ನಿನ್ನ ಎಬ್ಬಿಸಿ ಅವ್ರ ಹೇಳ್ತಾರಂತ. ನಾನೂ ಬರ್ತೇನಿ, ಮುಂದಿನ ಕಥಿ ಐತಂತ" ಎಂದು ಆಟೋ ಹತ್ತಿದ.

ಬಿಂದುವನ್ನು ಕೇಳಿದೆ, ಕೊಡೆ ಕೊಡಿಸುವ ಆಸೆ ತೋರಿಸಿದೆ. ಚಿರಂಜೀವಿಗೆ ಬಿರಿಯಾನಿಯ ಆಮಿಷ ಒಡ್ಡಿದೆ. ಪಕ್ಕದ ಮನೆಯ ಮಗುವಿಗೆ ಚಾಕಲೇಟು ಕೊಟ್ಟೆ, ಅದು ಚಾಕಲೇಟು ತಿಂದು "ಅಂಕಲ್ ಮಲಗಿಕೊಳ್ಳಿ" ಎಂದು ಓಡಿಹೋಯಿತು. ಅತ್ತೆ ಶೆಟ್ಟರನ್ನು ಹಳೆಯ ಸೀರೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು ನಂಜನಗೂಡಿನ ಬಸ್ಸು ಹತ್ತಿದರು. ಬೆಟ್ಟ ಹುಟ್ಟಿಸಿದವನು ನಾನು, ಸರ್ಪಕ್ಕೆ ರೆಕ್ಕೆ ಹಚ್ಚಿದವನು ನಾನು.

ಈವತ್ತು ಬೆಳಿಗ್ಗೆ ಆಫೀಸಿಗೆ ಹೊರಟಾಗ ಮುರಿಗೆಪ್ಪ ಗೇಟು ತೆಗೆಯುತ್ತಾ ನಿಟ್ಟುಸಿರು ಬಿಟ್ಟ.

"ಏನ ಅನ್ರಿ ಸಾರ್, ಆ ಸರ್ಪ ಕಡೀಕ ಹಂಗ ಮಾಡಬಾರದಿತ್ತು ನೋಡ್ರಿ. ಎರಡ ದಿನ ನನಗ ಊಟ ಸೇರಲಿಲ್ಲ."

ನಾನು ಸ್ಕೂಟರ್ ನಿಲ್ಲಿಸಿ ಇಳಿದೇಬಿಟ್ಟೆ. "ಏನು ಮಾಡಿತು ಮುರಿಗೆಪ್ಪ? ಏನು ಮಾಡಿತು?"

ಅವನು ನಾಲಿಗೆ ಕಚ್ಚಿಕೊಂಡು, ಎರಡೂ ಕೈಯಲ್ಲಿ ಕೆನ್ನೆ ತಟ್ಟಿಕೊಂಡ.

"ಅಯ್ಯ ಶಿವನ, ನೀವು ಮಲಗೀರಲ್ಲ! ಮರತ ಬಿಟ್ಟಿದ್ದೆ. ಹೋಗ್ರಿ ಸಾರ್, ಆಫೀಸಿಗೆ ಲೇಟಾತು."